ತಡವಾಗಿ ತಲುಪಿದ ಅಕ್ಕನ ಅರ್ಜಿ

ಗಂಡನ ಹೃದಯದ ಆಪರೇಷನ್‌ಗೆ ದಿನ ನಿಗದಿಯಾದಾಗ ನಾನು ಮೊದಲು ಫೋನ್ ಮಾಡಿದ್ದು ಅಕ್ಕನಿಗೆ. ಬಾ ಎಂದು ಕರೆಯಲಿಲ್ಲ, ವಿಷಯ ಹೇಳಿದೆ ಅಷ್ಟೆ. ಎರಡು ವಾರದೊಳಗೆ ಅವಳು ಯುರೋಪಿನ ಉತ್ತರದ ಮೂಲೆಯಿಂದ ಪರ್ತ್‌ಗೆ ಬಂದಿಳಿದಿದ್ದಳು. ಫೆಬ್ರವರಿಯ ಉರಿಬಿಸಿಲಿನಲ್ಲಿ ಉಣ್ಣೆಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊರಬಂದವಳನ್ನು ನೋಡಿ ನನ್ನ ಗಂಡ ಆ ಸ್ಥಿತಿಯಲ್ಲೂ ನಕ್ಕರು. ಆರು ವಾರ ಇದ್ದು ಹೋಗುತ್ತೇನೆ ಅಂದಿದ್ದಳು. ಐದನೆಯ ವಾರ ಕೊರೊನಾ ಬಂದು ಗಡಿಗಳು ಮುಚ್ಚಿದವು.

ಅಕ್ಕ ನರ್ಸ್. ಕೆ.ಜಿ.ಎಫ್‌ನ ಗಣಿ ಆಸ್ಪತ್ರೆಯಲ್ಲಿ ಅಪ್ಪ ಕಾಂಪೌಂಡರ್ ಆಗಿದ್ದರು. ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಆಡುತ್ತ ಬೆಳೆದ ನಾವಿಬ್ಬರೂ ಬೇರೆ ಕೆಲಸವಿದೆ ಎಂದೇ ತಿಳಿಯದವರಂತೆ ಒಬ್ಬಳು ನರ್ಸ್, ಒಬ್ಬಳು ಡಾಕ್ಟರ್ ಆದೆವು. ಮೊದಲು ಅವಳು ಇಂಗ್ಲೆಂಡಿಗೆ ಹೋದಳು, ನಾಲ್ಕು ವರ್ಷದ ನಂತರ ನನ್ನನ್ನು ಕರೆಸಿಕೊಂಡಳು. ಅಲ್ಲೇ ಇಬ್ಬರಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಆಯಿತು. ಆಮೇಲೆ ನಾನು, ನನ್ನ ಗಂಡ, ಮಗಳು ಆಸ್ಟ್ರೇಲಿಯಾಕ್ಕೆ ಬಂದೆವು. ಅಕ್ಕ ಮದುವೆಯಾಗಲಿಲ್ಲ. ಉತ್ತರದ ಒಂದು ಸಣ್ಣ ದೇಶದಲ್ಲಿ ವೃದ್ಧಾಶ್ರಮಕ್ಕೆ ನರ್ಸ್ ಬೇಕಾಗಿದ್ದಾರೆಂದು ಹೋದವಳು ಹದಿನೈದು ವರ್ಷ ಅಲ್ಲೇ ಉಳಿದಳು. ಆಗ ಆ ಪಾಸ್‌ಪೋರ್ಟ್ ಇದ್ದವರಿಗೆ ಯುರೋಪಿನ ಯಾವ ದೇಶದಲ್ಲೂ ವೀಸಾದ ಮಾತಿರಲಿಲ್ಲ. ಅವಳು ಅಲ್ಲಿನ ಭಾಷೆ ಕಲಿತಳು. ಊರಾಚೆ ಒಂದು ಚೂರು ಕೈತೋಟವನ್ನು ಬಾಡಿಗೆಗೆ ಹಿಡಿದಳು. ಅಲ್ಲಿಯವರೂ ನಮ್ಮಷ್ಟೇ ಸಬ್ಬಸಿಗೆ ಸೊಪ್ಪು ತಿನ್ನುತ್ತಾರೆ ಎಂಬುದು ಅವಳಿಗೆ ದೊಡ್ಡ ಸಂತೋಷದ ಸಂಗತಿ.

ಇಂಗ್ಲೆಂಡ್ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿದ ದಿನ ನಾನು ಫೋನ್ ಮಾಡಿ ನಿನಗೇನಾದರೂ ತೊಂದರೆಯಾ ಎಂದು ಕೇಳಿದ್ದೆ. ನನ್ನ ಕಾರ್ಡಿನ ಮೇಲೆ ಕಾಯಂ ಅಂತ ಬರೆದಿದೆ, ಕಾಯಂ ಅಂದರೆ ಕಾಯಂ ತಾನೆ ಅಂದಳು. ನನಗೂ ಸರಿಯೆನಿಸಿತ್ತು.

ಪರ್ತ್‌ನಲ್ಲಿ ನಮ್ಮ ಮನೆ ಊರಂಚಿನ ಬಡಾವಣೆ ಸದರ್ನ್ ರಿವರ್‌ನಲ್ಲಿ. ಆಪರೇಷನ್ ಆದ ತಿಂಗಳಿಗೆ ಇವರ ಎದೆಯ ಗಾಯ ಕೀವಾಗಿ ಮತ್ತೆ ಬಿಚ್ಚಬೇಕಾಯಿತು. ನಾನು ದಿನವಿಡೀ ಕ್ಲಿನಿಕ್ಕಿನಲ್ಲಿ ಮಾಸ್ಕ್, ಗೌನ್ ತೊಟ್ಟು ಕೊರೊನಾ ರೋಗಿಗಳನ್ನು ನೋಡುತ್ತಿದ್ದೆ. ಮನೆಗೆ ಬಂದರೂ ಇವರ ಕೋಣೆಗೆ ಹೋಗಲು ಹೆದರಿಕೆ. ಡ್ರೆಸಿಂಗ್ ಬದಲಿಸಿದವಳು, ಹಿಡಿದುಕೊಂಡು ನಡೆಸಿದವಳು, ಊಟ ಬೇಡವೆಂದಾಗ ಗದರಿದವಳು ಅಕ್ಕ. ವಾರಗಳು ತಿಂಗಳಾದವು. ಅವಳ ವಿಸಿಟರ್ ವೀಸಾ ಮುಂದುವರಿಯುತ್ತಾ ಹೋಯಿತು. ಗಡಿ ತೆರೆದು ಅವಳು ವಾಪಸು ಹೊರಟಾಗ ಎರಡು ವರ್ಷ ತುಂಬುತ್ತಾ ಬಂದಿತ್ತು.

ಮನೆ ಬಾಗಿಲು ತೆಗೆದರೆ ಒಳಗೆ ಬಿದ್ದಿದ್ದ ಕಾಗದಗಳ ರಾಶಿಗೆ ಸಿಕ್ಕಿ ಬಾಗಿಲು ಅರ್ಧಕ್ಕೇ ನಿಂತಿತಂತೆ. ರಾಶಿಯಲ್ಲಿ ವಲಸೆ ಇಲಾಖೆಯ ಮೂರು ಪತ್ರಗಳಿದ್ದವು. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಎಲ್ಲರೂ, ಎಷ್ಟೇ ವರ್ಷದಿಂದ ಇದ್ದರೂ, ಇಂಥ ತಾರೀಖಿನೊಳಗೆ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಹಳೆಯ ಕಾರ್ಡು ಇನ್ನು ನಡೆಯುವುದಿಲ್ಲ. ಆ ತಾರೀಖು ಕಳೆದು ಐದು ವಾರವಾಗಿತ್ತು. ಇದೇ ಸೂಚನೆ ಅವಳ ಸರ್ಕಾರಿ ಇಮೇಲ್ ಪೆಟ್ಟಿಗೆಗೂ ಹೋಗಿತ್ತು. ಅದನ್ನು ತೆರೆಯಲು ಅಲ್ಲಿನ ಮೊಬೈಲಿಗೆ ಬರುವ ಕೋಡ್ ಬೇಕು. ಆ ಸಿಮ್ ಪರ್ತ್‌ನಲ್ಲಿ ಎಂದೋ ಬಂದ್ ಆಗಿತ್ತು.

ಅವಳು ಮರುದಿನವೇ ಅರ್ಜಿ ಹಾಕಿದಳು. ನಾನು ಪತ್ರ ಬರೆದೆ, ಇವರ ಸರ್ಜನ್‌ ಕೈಲೂ ಬರೆಸಿದೆ. ಏಳು ತಿಂಗಳ ಮೇಲೆ ಉತ್ತರ ಬಂತು. ಅರ್ಜಿದಾರರು ಪರ್ತ್‌ನಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದಿತ್ತು, ಆದ್ದರಿಂದ ತಡಕ್ಕೆ ಕೊಟ್ಟ ಕಾರಣ ಸಾಲದು. ಅದು ನಿಜವೂ ಹೌದು. ಹಾಕಬಹುದಿತ್ತು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಇವರು ಆ ಪತ್ರದ ಅನುವಾದ ಓದಿ ಟೇಬಲ್ ಮೇಲಿಟ್ಟು, "ನನ್ನ ಎದೆ ರಿಪೇರಿ ಮಾಡೋಕೆ ಬಂದು ಅವರ ಮನೆ ಹೋಗೋ ಹಾಗಾಯ್ತು" ಅಂದರು. ಅಕ್ಕ ಮೇಲ್ಮನವಿ ಹಾಕಿದಳು. ಇವರು ದಿನಾ ಬೆಳಗ್ಗೆ ನನಗಿಂತ ಮೊದಲೇ ಎದ್ದು ಅದರ ಬಗ್ಗೆ ಇಮೇಲ್ ಬಂದಿದೆಯಾ ಎಂದು ಕೇಳುತ್ತಿದ್ದರು.

ನಮ್ಮ ಹತ್ತಿರವೇ ಇಟ್ಟುಕೊಳ್ಳೋಣವೆಂದು ಇಲ್ಲಿಯ ವೀಸಾ ಏಜೆಂಟನ್ನೂ ಕೇಳಿದೆವು. ಒಡಹುಟ್ಟಿದವರ ಸರದಿ ಎಷ್ಟು ಉದ್ದವಿದೆಯೆಂದರೆ, ಅಕ್ಕನ ವಯಸ್ಸು ಕೇಳಿದವನು ಅರ್ಜಿ ಫಾರ್ಮನ್ನು ಡ್ರಾಯರಿನಿಂದ ಹೊರಗೇ ತೆಗೆಯಲಿಲ್ಲ.

ಇಂಥ ತೊಂದರೆ ನಮಗೊಬ್ಬರಿಗೇ ಅಲ್ಲವೆಂದು ಗೊತ್ತಾದದ್ದು ಕನ್ನಡ ಡಾಕ್ಟರುಗಳ ವಾಟ್ಸಾಪ್ ಗುಂಪಿನಲ್ಲಿ. ಅಡಿಲೇಡಿನಿಂದ ಬಿಜಾಪುರದ ಕಡೆಯ ಒಬ್ಬರು, ರಿಟೈರಾದ ಅರಿವಳಿಕೆ ತಜ್ಞರು, ನನಗೆ ಫೋನ್ ಮಾಡಿದರು. ಅವರ ಮಗ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಯುರೋಪಿನ ಇನ್ನೊಂದು ದೇಶದಲ್ಲಿ ಕೆಲಸ. ಅವನ ಹೆಂಡತಿ ಹುಬ್ಬಳ್ಳಿಯ ಹುಡುಗಿ. ಬ್ರೆಕ್ಸಿಟ್ ಆದ ಮೇಲೆ ಕಾಗದಗಳು ಬದಲಾಗಿ ಅವನು ಒಂದು ದೇಶದಲ್ಲಿ, ಅವಳು ಒಂದು ದೇಶದಲ್ಲಿ ಉಳಿದಿದ್ದರು. ಬ್ರಿಸ್ಬೇನಿನಲ್ಲೂ ಇಂಥ ಎರಡು ಮೂರು ಕುಟುಂಬಗಳಿದ್ದವು, ಕನ್ನಡದವರಲ್ಲ. ಹೀಗೆ ಹನ್ನೆರಡು ಮನೆಯವರು ಸೇರಿದೆವು. ಸಂಘ ಎಂದು ರಿಜಿಸ್ಟರ್ ಮಾಡಿಸಿದೆವು, ಯಾಕೆಂದರೆ ಸಂಘವಲ್ಲದವರ ಪತ್ರಕ್ಕೆ ಉತ್ತರ ಬರುವುದಿಲ್ಲವೆಂದು ಯುರೋಪಿನಲ್ಲಿದ್ದ ಇಂಥದೇ ಒಂದು ಸಂಘದವರು ಹೇಳಿಕೊಟ್ಟರು. ಅವರೇ ಇನ್ನೊಂದು ಮಾತೂ ಹೇಳಿದ್ದರು. ಆಸ್ಟ್ರೇಲಿಯಾ ಈಗ ಯುರೋಪಿನ ಜೊತೆ ವ್ಯಾಪಾರದ ಒಪ್ಪಂದಕ್ಕೆ ಮಾತುಕತೆ ನಡೆಸುತ್ತಿದೆ, ಅಲ್ಲಿಯವರು ನಿಮ್ಮಲ್ಲಿಗೆ ಬಂದು ಹೋಗುತ್ತಿರುತ್ತಾರೆ, ನಮ್ಮ ಮಾತು ಕೇಳಿ ಕೇಳಿ ಅವರಿಗೆ ಸಾಕಾಗಿದೆ, ನಿಮ್ಮ ಮಾತಿಗಾದರೂ ಕಿವಿ ಕೊಟ್ಟಾರು.

ಪ್ರತಿ ಗುರುವಾರ ಪರ್ತ್‌ನ ಸಂಜೆ ನಾಲ್ಕಕ್ಕೆ ನಮ್ಮ ವಿಡಿಯೋ ಮೀಟಿಂಗ್. ಬ್ರಿಸ್ಬೇನಿಗೆ ಆಗ ಆರು. ಅಡಿಲೇಡ್ ವರ್ಷದಲ್ಲಿ ಅರ್ಧ ಕಾಲ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಹಿಂದೆ, ಇನ್ನರ್ಧ ಕಾಲ ಅರ್ಧ ಗಂಟೆ ಮುಂದೆ. ಗಡಿಯಾರ ಬದಲಾದ ವಾರವೆಲ್ಲ ಯಾರಾದರೊಬ್ಬರು ತಪ್ಪಿಸಿಕೊಳ್ಳುತ್ತಿದ್ದರು. ಮೀಟಿಂಗಿನಲ್ಲಿ ಪತ್ರಗಳ ಕರಡು ತಿದ್ದುತ್ತಿದ್ದೆವು. ನಾನು ಮೂವತ್ತು ವರ್ಷ ರೋಗಿಗಳ ಬಗ್ಗೆ ಪತ್ರ ಬರೆದವಳು. ಸ್ಪೆಷಲಿಸ್ಟಿಗೆ ಬರೆದರೆ ಅವರು ರೋಗಿಯನ್ನು ನೋಡುತ್ತಾರೆ, ವಾಪಸು ಬರೆಯುತ್ತಾರೆ. ಈ ಪತ್ರಗಳು ಎಲ್ಲಿಗೆ ಹೋಗಿ ಬೀಳುತ್ತಿದ್ದವೋ ತಿಳಿಯುತ್ತಿರಲಿಲ್ಲ.

ಮೊದಲು ಖುದ್ದಾಗಿ ಕಂಡದ್ದು ಬ್ರಿಸ್ಬೇನಿನ ಗೌರವ ಕಾನ್ಸುಲರನ್ನು. ಅಕ್ಕನಿದ್ದ ದೇಶಕ್ಕೆ ಅಲ್ಲಿ ದೊಡ್ಡ ಕಚೇರಿಯೇನಿಲ್ಲ. ಮರದ ಪೀಠೋಪಕರಣ ಮಾರುವ ಒಬ್ಬ ವ್ಯಾಪಾರಿಗೆ ಆ ಗೌರವದ ಹುದ್ದೆ ಕೊಟ್ಟಿದ್ದರು. ನನ್ನ ಮಗಳು ಬ್ರಿಸ್ಬೇನಿನಲ್ಲೇ ಫಿಸಿಯೋಥೆರಪಿಸ್ಟ್. ಅವಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು, ಪುಟ್ಟ ಬಾವುಟ. ಆತ ಒಳ್ಳೆಯವರು. ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು, ನಾನು ಕೊಟ್ಟ ಕಾಗದಗಳನ್ನೆಲ್ಲ ಒಂದೊಂದಾಗಿ ಓದಿದರು. ಅಕ್ಕ ಕೆಲಸ ಮಾಡಿದ ವೃದ್ಧಾಶ್ರಮದ ಊರು ಅವರ ಅಜ್ಜಿಯ ಊರಿನ ಪಕ್ಕದ್ದೇ ಅಂತೆ. ಕೊನೆಗೆ, ನಾನು ಕಳೆದುಹೋದ ಪಾಸ್‌ಪೋರ್ಟಿನ ಅರ್ಜಿ ತೆಗೆದುಕೊಳ್ಳಬಲ್ಲೆ, ಸಹಿ ದೃಢೀಕರಿಸಬಲ್ಲೆ, ಅದರಾಚೆ ನನ್ನ ಕೈಲಿ ಏನೂ ಇಲ್ಲ ಅಂದರು. ಇದು ಬ್ರಿಟನ್ನಿನೊಂದಿಗೆ ಯುರೋಪ್ ಒಕ್ಕೂಟ ಮಾಡಿಕೊಂಡ ಒಪ್ಪಂದದ ವಿಷಯ, ಒಕ್ಕೂಟದ ಕೇಂದ್ರ ಕಚೇರಿ ಇರುವ ಬ್ರಸೆಲ್ಸ್‌ನವರನ್ನೇ ಕೇಳಬೇಕು ಎಂದರು. ಬಾಗಿಲವರೆಗೂ ಬಂದು ಕೈ ಕುಲುಕಿದರು.

ಕಾರಿನಲ್ಲಿ ಮಗಳು, "ಅಮ್ಮಾ, ಹೀ ವಾಸ್ ಲವ್ಲಿ. ಬಟ್ ಹೀ ಸೆಲ್ಸ್ ಟೇಬಲ್ಸ್" ಅಂದಳು. ಅವಳಿಗೆ ದೊಡ್ಡಮ್ಮ ಎಂದರೆ ಚಿಕ್ಕಂದಿನಲ್ಲಿ ಜಡೆ ಹೆಣೆದವಳು. ಆ ಮಧ್ಯಾಹ್ನ ಕೆಲಸಕ್ಕೆ ರಜೆ ಹಾಕಿದವಳು ನದಿಯ ದಂಡೆಯಲ್ಲಿ ಕಾರು ನಿಲ್ಲಿಸಿ ನನ್ನ ಜೊತೆ ಕೂತಳು.

ಬ್ರಸೆಲ್ಸ್‌ನವರೇ ಕೆಲವು ತಿಂಗಳ ಮೇಲೆ ಪರ್ತ್‌ಗೆ ಬಂದರು. ವ್ಯಾಪಾರದ ಮಾತುಕತೆಗೆ ಬಂದಿದ್ದ ನಿಯೋಗಕ್ಕೆ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿತೋಟದಲ್ಲಿ ಮಧ್ಯಾಹ್ನದ ಊಟ. ನಾಗರಿಕ ಸಂಘಟನೆಗಳಿಗೆಂದು ಒಂದು ಮೇಜು ಮೀಸಲಿಟ್ಟಿದ್ದರು. ಆರು ಪತ್ರ ಬರೆದ ಮೇಲೆ ನಮಗೂ ಒಂದು ಕುರ್ಚಿ ಸಿಕ್ಕಿತು. ಇವರು ನನ್ನನ್ನು ಅಲ್ಲಿಗೆ ಬಿಟ್ಟು, ಊಟ ಮುಗಿಯುವವರೆಗೆ ಕಾರಿನಲ್ಲೇ ಕಾದರು. ಒಳಗೆ ನಡೆದ ಮಾತೆಲ್ಲ ಚೀಸಿನ ಹೆಸರಿನದು. ನಮ್ಮ ಊರಿನ ಹೆಸರನ್ನು ನಿಮ್ಮ ಚೀಸಿಗೆ ಇಡಬೇಡಿ ಎಂದು ಅವರು, ನಮ್ಮ ಅಜ್ಜಂದಿರೇ ಆ ಹೆಸರನ್ನು ಜೊತೆಗೆ ತಂದವರು ಎಂದು ಇಲ್ಲಿಯ ರೈತರು. ಒಬ್ಬ ವಯಸ್ಸಾದ ರೈತ ಎದ್ದು ನಿಂತು ತನ್ನ ಅಜ್ಜನ ಹೆಸರನ್ನೇ ಹೇಳಿ ವಾದಿಸಿದ. ಮೊದಲಿನ ದಿನಗಳಲ್ಲಾಗಿದ್ದರೆ ನನಗೆ ನಗು ಬರುತ್ತಿತ್ತೇನೋ, ಅವತ್ತು ಬರಲಿಲ್ಲ.

ಹಣ್ಣಿನ ತಟ್ಟೆ ಬಂದಾಗ ನನ್ನನ್ನು ನಿಯೋಗದ ಒಬ್ಬ ಹೆಂಗಸಿನ ಪಕ್ಕ ಕೂರಿಸಿದರು. ಎರಡು ನಿಮಿಷ ಅಂದರು, ಆಕೆ ಹತ್ತು ನಿಮಿಷ ಕೇಳಿದಳು. ಮಧ್ಯೆ ಮಧ್ಯೆ ಸರಿಯಾದ ಪ್ರಶ್ನೆಗಳನ್ನೇ ಕೇಳಿದಳು. ನನಗೆ ಆಸೆ ಹುಟ್ಟಿತು. ಆಮೇಲೆ ಆಕೆ, ಒಪ್ಪಂದ ನಮ್ಮದೇ, ಆದರೆ ತಡವಾದ ಅರ್ಜಿಗೆ ಯಾವ ಕಾರಣ ಸಾಕು, ಯಾವುದು ಸಾಲದು ಎಂದು ತೀರ್ಮಾನಿಸುವುದು ಆಯಾ ದೇಶ, ಅದರಲ್ಲಿ ನಾವು ಕೈ ಹಾಕುವಂತಿಲ್ಲ ಎಂದಳು. ಬ್ರಿಸ್ಬೇನಿನವರು ನಿಮ್ಮನ್ನು ಕೇಳಲು ಹೇಳಿದರು ಅಂದೆ. ಆಕೆ ತಲೆ ತಗ್ಗಿಸಿ ಚಮಚವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಬ್ರಿಟನ್ನಿನ ಕಚೇರಿಗೂ ನಾವು ಬರೆದಿದ್ದೆವು. ನಮ್ಮ ಪ್ರಜೆ ಯಾವಾಗ ಬೇಕಾದರೂ ನಮ್ಮ ದೇಶಕ್ಕೆ ಬರಬಹುದು ಎಂದು ಅಲ್ಲಿಂದ ಒಂದು ಸಾಲು ಬಂದಿತ್ತು.

ಹೊರಬಂದು ಕಾರಿನಲ್ಲಿ ಕೂತೆ. ಇವರು ನನ್ನ ಮುಖ ನೋಡಿ ಕಾರು ಸ್ಟಾರ್ಟ್ ಮಾಡಿದರು.

ಅಕ್ಕನ ಮೇಲ್ಮನವಿಯೂ ಬಿದ್ದುಹೋಯಿತು. ದೇಶ ಬಿಡಬೇಕೆಂದು ಆದೇಶ ಬಂತು, ದಿನಾಂಕವನ್ನೂ ಹಾಕಿದ್ದರು. ಆ ದಿನಾಂಕಕ್ಕೆ ಹನ್ನೊಂದು ದಿನ ಮುಂಚೆ ಅಡಿಲೇಡಿನಲ್ಲಿ ಯುರೋಪಿನ ಪ್ರತಿನಿಧಿಗಳೊಂದಿಗೆ ನಾಗರಿಕ ಸಂಘಟನೆಗಳ ಸಭೆ ಇತ್ತು. ಅಕ್ಕನಿದ್ದ ದೇಶದ ಒಬ್ಬ ಅಧಿಕಾರಿಯೂ ಬರುವವರಿದ್ದರು. ನಮ್ಮ ಸಂಘಕ್ಕೆ ಮೂರು ನಿಮಿಷ ಕೊಟ್ಟಿದ್ದರು. ನೀವೇ ಮಾತಾಡಿ, ಡಾಕ್ಟರ್ ಮಾತಿಗೆ ಬೆಲೆ ಇರುತ್ತೆ ಎಂದು ಅಡಿಲೇಡಿನ ಡಾಕ್ಟರು ಒತ್ತಾಯಿಸಿದ್ದರು. ನೀವೂ ಡಾಕ್ಟರೇ ಅಲ್ಲವೇ ಎಂದರೆ, "ನಾ ಮಾತಾಡಿದ್ರ ಅಳ್ತೀನ್ರಿ" ಅಂದಿದ್ದರು.

ಸಭೆ ಸಂಜೆ ಐದಕ್ಕೆ, ಮಾಸನ್ ಲೇಕ್ಸ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ. ನಾನು ಅಡಿಲೇಡ್ ಪೇಟೆಯಿಂದ ರೈಲು ಹತ್ತಿ, ಬರೆದುಕೊಂಡಿದ್ದ ಮೂರು ನಿಮಿಷದ ಮಾತನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾಗ ಅಕ್ಕನ ಫೋನ್ ಬಂತು. ಅಲ್ಲಿ ಆಗ ಬೆಳಗಿನ ಹೊತ್ತು.

"ಎಲ್ಲಿದೀಯೇ?" ಅಂದಳು.

"ರೈಲಲ್ಲಿ ಅಕ್ಕ. ಇವತ್ತು ಮೀಟಿಂಗ್ ಅಂತ ಹೇಳಿದ್ನಲ್ಲ."

"ನಾನೂ ರೈಲಲ್ಲೇ ಇದೀನಿ. ಏರ್‌ಪೋರ್ಟಿಗೆ ಹೋಗ್ತಿದೀನಿ. ಮನೆ ಕೀ ಕೊಟ್ಬಿಟ್ಟೆ ಕಣೇ."

ಇನ್ನೂ ಹನ್ನೊಂದು ದಿನ ಇತ್ತಲ್ಲಕ್ಕ ಅಂದೆ.

"ಪೊಲೀಸ್‌ನೋರು ಬಂದು ಬಾಗಿಲು ತಟ್ಟೋವರೆಗೂ ಕೂತಿರ್ಲಾ? ಆ ಬೀದೀಲಿ ಅರ್ಧ ಮನೆಯೋರ ಅಪ್ಪ ಅಮ್ಮಂದಿರನ್ನ ಕೊನೇವರೆಗೂ ನೋಡ್ಕೊಂಡಿದೀನಿ ನಾನು. ಅವರ ಮುಂದೆ ಹಾಗೆ ಹೋಗ್ಲಾರೆ."

ಅವಳ ದನಿ ಅತ್ತ ದನಿಯಲ್ಲ. ವಾರ್ಡಿನಲ್ಲಿ ಸುದ್ದಿ ಹೇಳುವಾಗಿನ ದನಿ. ಇಂಗ್ಲೆಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ ಅಂದಳು. ಎರಡು ಸೂಟ್‌ಕೇಸ್ ಆಯಿತು, ಉಳಿದದ್ದನ್ನು ವೃದ್ಧಾಶ್ರಮಕ್ಕೆ ಕೊಟ್ಟೆ ಅಂದಳು. ನಾನೇನೋ ಹೇಳಲು ಹೊರಟಾಗ ಅವಳ ಕಡೆ ಸುರಂಗ ಬಂದಿರಬೇಕು, ಕರೆ ಕಡಿಯಿತು.

ಸ್ಟೇಷನ್ನಿನಲ್ಲಿ ಅಡಿಲೇಡಿನ ಡಾಕ್ಟರು ಕಾಯುತ್ತಿದ್ದರು. ವಿಷಯ ಹೇಳಿದೆ. ಬೇಡ ಅನಿಸಿದರೆ ಬೇರೆಯವರಿಗೆ ಹೇಳುತ್ತೇನೆ ಅಂದರು. ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಸಭಾಂಗಣದ ಹೊರಗೆ ಬೆಂಚಿನ ಮೇಲೆ ಕೂತು ಪೆನ್ನು ತೆಗೆದು, ನನ್ನ ಮೂರು ನಿಮಿಷದ ಮಾತಿನಲ್ಲಿ 'ಇದ್ದಾಳೆ' ಎಂದಿದ್ದ ಕಡೆಯೆಲ್ಲ 'ಇದ್ದಳು' ಎಂದು ತಿದ್ದಿದೆ. ಇಂಗ್ಲಿಷಿನಲ್ಲಿ ಒಂದೊಂದು ಪದ. ಹದಿಮೂರು ಕಡೆ ತಿದ್ದಬೇಕಾಯಿತು.

ಮಾತಾಡಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ನಾನು ಕೂತ ಮೇಲೆ ಆ ದೇಶದ ಅಧಿಕಾರಿ ಮೈಕ್ ತೆಗೆದುಕೊಂಡರು. ಕನ್ನಡಕದ ಹಿಂದೆ ಸೌಮ್ಯವಾದ ಕಣ್ಣು. ನಿಮ್ಮ ಅಕ್ಕ ಈಗ ಎಲ್ಲಿದ್ದಾರೆ ಎಂದು ಕೇಳಿದರು. ಬಹುಶಃ ಇಂಗ್ಲೆಂಡಿಗೆ ಹೋಗುವ ವಿಮಾನದ ಬಾಗಿಲಲ್ಲಿ ಅಂದೆ. ಹಾಗಾದರೆ ಅವರು ಸ್ವಂತ ಇಚ್ಛೆಯಿಂದ ಹೊರಟಿದ್ದಾರೆ, ಆದ್ದರಿಂದ ಅವರ ಪ್ರಕರಣ ನಾವು ಇಂದು ಚರ್ಚಿಸುತ್ತಿರುವ ವ್ಯಾಪ್ತಿಗೆ ಬರುವುದಿಲ್ಲ ಎಂದು, ನನಗೆ ನೋವಾಗದಂತೆ ಬಹಳ ನಿಧಾನವಾಗಿ, ವಿವರಿಸಿದರು. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ. ಥ್ಯಾಂಕ್ಯೂ ಅಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು.

ವಿಮಾನ ನಿಲ್ದಾಣಕ್ಕೆ ಬಿಡಲು ಡಾಕ್ಟರು ಕಾರಿನಲ್ಲಿ ಕರೆದೊಯ್ದರು. ದಾರಿಯಲ್ಲಿ, ಇಲ್ಲಿಯವರು ಸರ್ವೋ ಅನ್ನುವ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಹಾಕಿಕೊಂಡು ಬಂದು ಕೂತವರು ಕೀ ತಿರುಗಿಸಲಿಲ್ಲ. "ಮೂರು ಊರಿನೋರು ಕೂಡಿ ಎರಡು ವರ್ಷ ಬರದ್ವಿ. ಯಾರೂ ಇಲ್ಲ ಅನ್ನಲಿಲ್ಲ ನೋಡ್ರಿ ಮೇಡಂ. ಒಬ್ರೂ ಇಲ್ಲ ಅನ್ನಲಿಲ್ಲ" ಅಂದರು. ಹಿಂದೆ ನಿಂತಿದ್ದ ಕಾರಿನವನು ಹಾರ್ನ್ ಮಾಡಿದ ಮೇಲೆ ಹೊರಟೆವು.

ಸುಮಾರು ಒಂದು ವರ್ಷ ಕಳೆದ ಮೇಲೆ ಅದೇ ದೇಶದವರು ನಿಯಮ ಬದಲಿಸಿದರು. ತಡವಾಗಿ ಅರ್ಜಿ ಹಾಕಿದವರೆಲ್ಲರೂ, ಆಗಲೇ ಹೊರಟುಹೋದವರೂ, ಮತ್ತೊಮ್ಮೆ ಹಾಕಬಹುದು. ನಮ್ಮ ಪತ್ರಗಳಿಂದ ಆಯಿತೋ, ಯುರೋಪಿನ ಆ ಸಂಘದವರಿಂದ ಆಯಿತೋ, ಅವರಿಗೇ ತೋಚಿತೋ ಗೊತ್ತಿಲ್ಲ. ಗುಂಪಿನಲ್ಲಿ ಎಲ್ಲರೂ ಅಭಿನಂದನೆ ಹಾಕಿದರು. ಡಾಕ್ಟರ ಮಗನಿಗೆ ಇದರಿಂದ ಏನೂ ಆಗಲಿಲ್ಲ, ಅವನದು ಬೇರೆ ದೇಶ. ಆದರೂ ಮೊದಲು ಫೋನ್ ಮಾಡಿದವರು ಅವರೇ. ನನ್ನ ಗಂಡ ಆ ದಿನವೇ ಫಾರ್ಮನ್ನು ಪ್ರಿಂಟ್ ಮಾಡಿ, ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ನನ್ನ ಕೈಗೆ ಕೊಟ್ಟು, ನೀನೇ ಹೋಗಿ ಕೊಡು ಅಂದರು.

ಇಂಗ್ಲೆಂಡಿಗೆ ಹೋದೆ. ಅಕ್ಕನದು ಮಹಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗ ಅವಳು ಎರಡು ಕಡೆ ನಿಂತಳು. ಪಾದದ ಗೆಣ್ಣು ಊದಿದ್ದನ್ನು ನೋಡಿದೆ, ಕೇಳಿದರೆ ವಯಸ್ಸು ಅಂದಳು. ನಿಯಮ ಬದಲಾದದ್ದು ಅವಳಿಗೆ ಮೊದಲೇ ಗೊತ್ತಿತ್ತು. ಹಳೆಯ ಬೀದಿಯವರು ತಿಳಿಸಿದ್ದರಂತೆ. ಎರಡನೆಯ ದಿನ ಕವರನ್ನು ಅವಳ ಮುಂದಿಟ್ಟೆ. ಫಾರ್ಮಿನ ಹಾಳೆಗಳನ್ನು ತಿರುವಿದಳು. ಪೆನ್ಸಿಲ್ ಗುರುತುಗಳನ್ನು ನೋಡಿ, ನಿನ್ನ ಗಂಡನ ಕೆಲಸ ತಾನೆ ಎಂದು ನಕ್ಕಳು.

"ಹಾಕಿದ್ರೆ ಕೊಡ್ತಾರೆ ಕಣೇ, ಗೊತ್ತು. ಕಾರ್ಡ್ ಕೊಡ್ತಾರೆ. ಮನೇಲಿ ಬೇರೆಯೋರು ಇದಾರೆ. ತೋಟಾನ ಬೇರೆಯೋರಿಗೆ ಕೊಟ್ಟಾಯ್ತು. ಎರಡು ದೇಶದಲ್ಲಿ ಹೊಸದಾಗಿ ಶುರು ಮಾಡ್ದೆ, ಈಗ ಇಲ್ಲಿಗೇ ವಾಪಸ್ ಬಂದು ಮೂರನೇ ಸಲ. ಇನ್ನೊಂದು ಆಗಲ್ಲ ನನ್ನ ಕೈಲಿ."

ನಾವು ಕರೆಸಿಕೊಳ್ಳದಿದ್ದರೆ ನಿನಗೆ ಹೀಗಾಗುತ್ತಿರಲಿಲ್ಲ ಎಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು. ನೀನೆಲ್ಲಿ ಕರೆದೆ, ನಾನೇ ಬಂದೆ ಅಂದಳು. ಅವಳು ಹಾಗೆಂದದ್ದು ನನ್ನನ್ನು ಸಮಾಧಾನ ಮಾಡಲೆಂದು, ಆದರೆ ಸಮಾಧಾನವಾಗಲಿಲ್ಲ. ಫಾರ್ಮನ್ನು ಅವಳು ಹರಿಯಲೂ ಇಲ್ಲ, ತುಂಬಲೂ ಇಲ್ಲ. ಮತ್ತೆ ಕವರಿಗೆ ಹಾಕಿ ನನ್ನ ಬ್ಯಾಗಿನಲ್ಲಿಟ್ಟಳು.

ಹೊರಡುವ ಹಿಂದಿನ ದಿನ ಒತ್ತಾಯ ಮಾಡಿ ಅವಳನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆ. ಬಂದು ವರ್ಷವಾಗಿದ್ದರೂ ಅವಳು ಯಾವ ಡಾಕ್ಟರ ಹತ್ತಿರವೂ ಹೆಸರು ನೋಂದಾಯಿಸಿರಲಿಲ್ಲ. ಕೌಂಟರಿನ ಹುಡುಗಿ ಒಳ್ಳೆಯ ಮಾತಿನವಳು. ಹೆಸರು, ವಯಸ್ಸು ಟೈಪ್ ಮಾಡಿಕೊಂಡು ಹಿಂದಿನ ವಿಳಾಸ ಕೇಳಿದಳು. ಅಕ್ಕ ಹೇಳಿದಳು. ಹುಡುಗಿಗೆ ಬೀದಿಯ ಹೆಸರು ಗೊತ್ತಾಗಲಿಲ್ಲ, ಸ್ಪೆಲ್ಲಿಂಗ್ ಹೇಳ್ತೀರಾ ಎಂದಳು. ಅಕ್ಕ ಕೌಂಟರಿಗೆ ಒರಗಿ ನಿಂತು ಒಂದೊಂದೇ ಅಕ್ಷರ ಹೇಳಿದಳು. ನಮ್ಮ ಇಂಗ್ಲಿಷಿನಲ್ಲಿಲ್ಲದ ಒಂದು ಅಕ್ಷರವಿತ್ತು ಅದರಲ್ಲಿ. ಹುಡುಗಿ ಕೀಬೋರ್ಡಿನಲ್ಲಿ ಹುಡುಕಿ, ಸಿಗದೆ, ಅದು ಬಿಟ್ಟರೆ ಪರವಾಗಿಲ್ಲವಾ ಎಂದು ಕೇಳಿದಳು. ಪರವಾಗಿಲ್ಲ ಬಿಡಮ್ಮ ಎಂದು ಅಕ್ಕ ಕನ್ನಡದಲ್ಲೇ ಅಂದುಬಿಟ್ಟಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು.